ಸ್ಟನ್: ಗುಡುಗಿನ ಏಟು

ಸ್ಟನ್

ಚೆಂದದ ಸೀರೆ ಕಂಡರೂ ಈಗ ‘ಸ್ಟನ್ ಆಗಿಬಿಟ್ಟೆ’ ಎನ್ನುತ್ತೇವೆ. ಪದದ ಹುಟ್ಟು ಅಷ್ಟು ನಯವಾದದ್ದಲ್ಲ. ಹಳೆಯ ಫ್ರೆಂಚಿನ ‘ಎಸ್ತೊನೇರ್’ ಮೂಲಕ ಇಂಗ್ಲಿಷಿಗೆ ಬಂದ ಇದರ ಬೇರು ಲ್ಯಾಟಿನ್ನಿನ ‘ತೊನಾರೆ’, ಎಂದರೆ ಗುಡುಗುವುದು. ಗುಡುಗೆಂಬ ಅರ್ಥದ ಸಂಸ್ಕೃತ ‘ಸ್ತನಿತ’ವೂ ಅದೇ ಬಳ್ಳಿಯದು. ಸ್ತಬ್ಧ, ಸ್ತಂಭನಗಳು ನೆಂಟರಂತೆ ಕಂಡರೂ ಬೇರೆ ಧಾತುವಿನವು.

ಏಟು ತಿಂದು ಮಂಕಾಗುವುದೇ ಹಳೆಯ ಅರ್ಥ. ಆಟಗಾರರು ಒಂದೊಂದು ಪಾತ್ರ ವಹಿಸಿ ಆಡುವ ಅಮೆರಿಕದ ಸೂಪರ್‌ಹೀರೊ ಮೇಜಿನಾಟಗಳಲ್ಲಿ ಅದು ಗಟ್ಟಿಯಾಗಿ ಉಳಿದಿದೆ. 1981ರ ‘ಚಾಂಪಿಯನ್ಸ್’ನಲ್ಲಿ ದೇಹದ ಗಾಯಕ್ಕೆ ಒಂದು ಲೆಕ್ಕ, ಸ್ಟನ್‌ಗೆ ಇನ್ನೊಂದು. ಒಂದೇ ಏಟಿಗೆ ಕಳೆದ ಸ್ಟನ್ ಅಂಕ ಪಾತ್ರದ ತಾಳಿಕೆಯನ್ನು ಮೀರಿತೋ, ಮುಂದಿನ ಸರದಿ ಚೇತರಿಕೆಗೇ ಹೋಯಿತು. ಆಡಲು ಬಂದವನು ಸುಮ್ಮನೆ ಕೂರಬೇಕು! ಅದಕ್ಕೇ ಕೆಲವರು ತಮ್ಮದೇ ಕಟ್ಟಳೆ ಮಾಡಿಕೊಳ್ಳುತ್ತಾರೆ: ಸರದಿ ಪೂರ್ತಿ ಹೋಗುವುದು ಬೇಡ, ಅರ್ಧ ಉಳಿಯಲಿ. ನಮ್ಮ ಚೌಕಾಬಾರದಲ್ಲೂ ಮನೆಗೊಂದು ನಿಯಮ ಇಲ್ಲವೇ?

ಕನ್ನಡದಲ್ಲಿ ಏನೆನ್ನೋಣ? ‘ದಂಗು’ ಅಚ್ಚರಿಗೆ ಸರಿ, ಏಟಿಗೆ ಸಾಲದು. ‘ಬೆರಗು’ ಇನ್ನೂ ಮೆದು. ‘ಸಿಡಿಲು ಬಡಿದವನಂತೆ ನಿಂತ’ ಎಂಬುದೇ ಹತ್ತಿರ. ಅದರಲ್ಲಿ ಏಟೂ ಇದೆ, ಗುಡುಗೂ ಇದೆ.