ನೌಕಾಪಡೆ ರೂಪಿಸಿದ ಎಂಜಿನಿಯರ್

ಆರೋಗ್ಯಸ್ವಾಮಿ ಪಾಲ್‌ರಾಜ್ ಹೆಸರು ನಮ್ಮ ಕೂಟಗಳಲ್ಲಿ ಕೇಳಿಬರುವುದು ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕರಾಗಿ; ಮೊಬೈಲ್ ಮತ್ತು ವೈಫೈಗಳ ವೇಗ ಹೆಚ್ಚಿಸಿದ ‘ಮೈಮೋ’ ತಂತ್ರದ ಜನಕರಾಗಿ. 2010ರ ಪದ್ಮಭೂಷಣ, 2014ರ ಮಾರ್ಕೋನಿ ಪ್ರಶಸ್ತಿಗಳ ಜೊತೆಗೆ ಬರುವ ಪರಿಚಯವೂ ಇದೇ. ಇದರಲ್ಲಿ ಸುಳ್ಳೇನಿಲ್ಲ, ಆದರೆ ಅರ್ಧ ಕಥೆ ಬಿಟ್ಟುಹೋಗಿದೆ. ಅಮೆರಿಕದಲ್ಲಿ ನೆಲೆಸುವ ಮೊದಲು ಅವರು ಸುಮಾರು ಮೂವತ್ತು ವರ್ಷ ಭಾರತೀಯ ನೌಕಾಪಡೆಯಲ್ಲಿದ್ದರು, ಕಮೊಡೋರ್ ಹುದ್ದೆಯವರೆಗೂ ಏರಿದ್ದರು. ಹುಟ್ಟಿದ್ದು ತಮಿಳುನಾಡಿನ ಪೊಳ್ಳಾಚಿಯಲ್ಲಿ. ಕನ್ನಡಿಗರಲ್ಲದಿದ್ದರೂ ವೃತ್ತಿಯ ಒಂದು ಮುಖ್ಯ ಘಟ್ಟವನ್ನು ಕಳೆದದ್ದು ಬೆಂಗಳೂರಿನಲ್ಲಿ. ಅಮೆರಿಕದಲ್ಲಿ ಫಲ ಕೊಟ್ಟ ವಿದ್ಯೆಗೆ ಬೇರು ಸಿಕ್ಕಿದ್ದು ನಮ್ಮ ನೌಕಾಪಡೆಯ ಒಂದು ಕಷ್ಟದಲ್ಲಿ ಎಂಬುದು ನನ್ನ ವಾದ.

ಆ ಕಷ್ಟದ ದಿನ 1971ರ ಡಿಸೆಂಬರ್ 9. ಪಾಕಿಸ್ತಾನದ ‘ಹ್ಯಾಂಗೋರ್’ ಜಲಾಂತರ್ಗಾಮಿ ದಿಯು ಬಳಿ ‘ಐಎನ್‌ಎಸ್ ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಪ್ರಾಣ ತೆತ್ತರು. ಜಲಾಂತರ್ಗಾಮಿಗಳ ಬೇಟೆಗೆಂದೇ ಕಟ್ಟಿದ ಹಡಗು ಖುಕ್ರಿ. ನೀರಿನಡಿ ಶಬ್ದದಿಂದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಅದರ ಸೋನಾರ್ ಬ್ರಿಟಿಷರದ್ದು. ನಮ್ಮ ಕಡಲಿನ ಗುಣವೂ ಸೋನಾರಿಗೆ ಅನುಕೂಲವಲ್ಲ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ; ಬಿಸಿ ನೀರಿನಲ್ಲಿ ತುಸು ಜೋರಾಗಿ, ತಣ್ಣನೆಯದರಲ್ಲಿ ತುಸು ನಿಧಾನವಾಗಿ. ಅರಬ್ಬೀ ಸಮುದ್ರದ ಮೇಲ್ಪದರ ಬಿಸಿ, ಆಳ ತಂಪು. ಹೀಗಾಗಿ ಹಡಗಿನಿಂದ ಹೊರಟ ಶಬ್ದ ನೇರ ಹೋಗದೆ ಆಳದ ಕಡೆಗೆ ಬಾಗುತ್ತದೆ, ಅದರಾಚೆ ಶಬ್ದವೇ ತಲುಪದ ನೆರಳು ಉಳಿಯುತ್ತದೆ. ಜಲಾಂತರ್ಗಾಮಿಗೆ ಅದಕ್ಕಿಂತ ಒಳ್ಳೆಯ ಅಡಗುದಾಣ ಬೇಕೆ? ತಂಪು ಕಡಲಿನವರು ಮಾರಿದ ಯಂತ್ರವನ್ನು ನೆಚ್ಚಿ ಕೂರುವ ಹಾಗಿರಲಿಲ್ಲ.

ಆ ಹೊತ್ತಿಗೆ ಪಾಲ್‌ರಾಜ್ ದೆಹಲಿ ಐಐಟಿಯಲ್ಲಿ ಪಿ. ವಿ. ಇಂದಿರೇಶನ್ ಅವರ ಪ್ರೋತ್ಸಾಹದಿಂದ ಗದ್ದಲದೊಳಗಿಂದ ಸಂಕೇತವನ್ನು ಅಂದಾಜಿಸುವ ಗಣಿತದಲ್ಲಿ ಪಳಗಿದ್ದರು. ಲೋನಾವಳದ ನೌಕಾ ಎಂಜಿನಿಯರಿಂಗ್ ಕಾಲೇಜಿನಿಂದ ಬಂದ ಸಮವಸ್ತ್ರದ ಯುವಕನೊಬ್ಬನಿಗೆ ಡಾಕ್ಟರೇಟ್ ಯಾಕೆ ಎಂದು ಕೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಉತ್ತರವನ್ನು ಖುಕ್ರಿಯ ದುರಂತವೇ ಕೊಟ್ಟಿತು. ಹಳೆಯ 170ಬಿ ಸೋನಾರನ್ನು ಸುಧಾರಿಸುವ ಹೊಣೆ ಅವರ ಹೆಗಲಿಗೆ ಬಂತು. ಮುಂದೆ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ‘ಅಪ್ಸೋ’ ಎಂಬ ಹೊಸ ಸೋನಾರ್ ತಯಾರಿಕೆಯ ನೇತೃತ್ವ ವಹಿಸಿದರು. 1983ರಲ್ಲಿ ಅದು ನೌಕಾಪಡೆಯ ಬಳಕೆಗೆ ಸಿದ್ಧವಾಯಿತು. ಕಾರ್ಖಾನೆಯ ಕೆಲಸ ಬೆಂಗಳೂರಿನ ಬಿಇಎಲ್‌ಗೆ ಬಂತು. ಸೋನಾರಿನಂಥ ಯಂತ್ರದಲ್ಲಿ ಸಾಲಾಗಿ ಕೂರಿಸಿದ ಹಲವು ‘ಕಿವಿ’ಗಳಿರುತ್ತವೆ. ಎರಡು ಕಿವಿಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ, ಪಕ್ಕದಿಂದ ಬಂದ ಶಬ್ದ ಎರಡನೆಯದನ್ನು ಮುಟ್ಟಲು ತೆಗೆದುಕೊಳ್ಳುವ ಹೆಚ್ಚುವರಿ ಸಮಯ ಒಂದು ಸೆಕೆಂಡಿನ 15,000ದ ಒಂದು ಪಾಲು. ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು, ಯಾವ ಸದ್ದು ಯಾವ ದಿಕ್ಕಿನದು ಎಂದು ಬೇರ್ಪಡಿಸಬೇಕು. ಇಡೀ ವಿದ್ಯೆ ಇರುವುದು ಇಲ್ಲೇ.

ಸೋನಾರ್ ಶಬ್ದದ್ದು, ಮೊಬೈಲ್ ರೇಡಿಯೋದ್ದು, ಎತ್ತಣ ಮಾಮರ ಎತ್ತಣ ಕೋಗಿಲೆ ಎಂಬ ಆಕ್ಷೇಪ ಸಹಜ. ಅಲೆ ಬೇರೆ, ಒಪ್ಪೋಣ, ಲೆಕ್ಕ ಬೇರೆಯಲ್ಲ. 1983ರಲ್ಲಿ ನೌಕಾಪಡೆಯ ಅಧ್ಯಯನ ರಜೆಯ ಮೇಲೆ ಸ್ಟ್ಯಾನ್‌ಫರ್ಡಿಗೆ ಹೋದಾಗ ಥಾಮಸ್ ಕೈಲತ್ ಅವರ ತಂಡದಲ್ಲಿ ಅವರು ತೊಡಗಿದ್ದು ಇದೇ ಪ್ರಶ್ನೆಯಲ್ಲಿ: ಹಲವು ಗ್ರಾಹಕಗಳಿಂದ ಸಂಕೇತದ ದಿಕ್ಕು ಹಿಡಿಯುವುದು ಹೇಗೆ? ಅದರ ಫಲ ‘ಎಸ್ಪ್ರಿಟ್’ ವಿಧಾನ. ತೊಂಬತ್ತರ ದಶಕದ ಆರಂಭದಲ್ಲಿ, ಒಂದೇ ತರಂಗಾಂತರದ ಎರಡು ರೇಡಿಯೋ ಸಂಕೇತಗಳನ್ನು ಬೇರ್ಪಡಿಸುವ ಪ್ರಯೋಗದಲ್ಲಿ, ಸುತ್ತಲ ವಸ್ತುಗಳಿಗೆ ಬಡಿದು ಚದುರಿದ ಅಲೆಗಳು ಅಡ್ಡಿಯಾಗುವ ಬದಲು ನೆರವಾಗುತ್ತವೆಂದು ಅವರಿಗೆ ಹೊಳೆಯಿತು. ಹಾಗಾದರೆ ಬೇಕೆಂದೇ ಹಲವು ಆಂಟೆನಾಗಳಿಂದ ಒಟ್ಟಿಗೆ ಕಳಿಸಿ, ಆಚೆ ತುದಿಯಲ್ಲಿ ಬಿಡಿಸಿಕೊಳ್ಳಬಾರದೇಕೆ? ಮೈಮೋದ ಮೂಲ ಕಲ್ಪನೆ ಇದೇ. ಕೈಲತ್ ಜೊತೆಗಿನ ಪೇಟೆಂಟಿಗೆ ಅರ್ಜಿ ಹಾಕಿದ್ದು 1992ರಲ್ಲಿ, ಸಿಕ್ಕಿದ್ದು 1994ರಲ್ಲಿ. ಮೈಮೋ ಒಬ್ಬರದೇ ಸೃಷ್ಟಿ ಅಲ್ಲ ಎನ್ನುವವರ ಮಾತೂ ನಿಜ. ಬೆಲ್ ಲ್ಯಾಬ್ಸ್‌ನ ಫೋಶಿನಿ, ಟೆಲತಾರ್ ಅವರ ಸಿದ್ಧಾಂತವಿಲ್ಲದೆ ಅದರ ಶಕ್ತಿ ಲೋಕಕ್ಕೆ ಮನವರಿಕೆಯಾಗುತ್ತಿರಲಿಲ್ಲ. ಪಾಲ್‌ರಾಜ್ ಅಷ್ಟು ಬೇಗ ಅಲ್ಲಿಗೆ ಹೇಗೆ ತಲುಪಿದರು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಚ್ಚಿಯ ಕಡೆಗೇ ಬೊಟ್ಟು ಮಾಡುತ್ತದೆ.

ಇನ್ನೊಂದು ಆಕ್ಷೇಪ ಕಟುವಾದದ್ದು: ಇಷ್ಟೆಲ್ಲ ಕಲಿಸಿದ ದೇಶ ಕೊನೆಗೆ ಅವರನ್ನು ಉಳಿಸಿಕೊಳ್ಳಲಿಲ್ಲವಲ್ಲ? 1986ರಲ್ಲಿ ಅವರು ಮರಳಿ ಬಂದಿದ್ದರು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವಾದ ‘ಕೇರ್’ನ ಸ್ಥಾಪಕ ನಿರ್ದೇಶಕರಾದರು, ಬಿಇಎಲ್‌ನ ಕೇಂದ್ರೀಯ ಸಂಶೋಧನಾಲಯ ಕಟ್ಟಿದರು. ಕೃತಕ ಬುದ್ಧಿಮತ್ತೆ ಇನ್ನೂ ಮನೆಮಾತಾಗಿರದ ಕಾಲವದು. ಪ್ರಯೋಗಾಲಯ ಕಟ್ಟಬಲ್ಲವರನ್ನು ಕಟ್ಟುವುದಕ್ಕೇ ಹಚ್ಚಿಬಿಡುವ ಚಾಳಿ ನಮ್ಮ ವ್ಯವಸ್ಥೆಯದು. ಸ್ವಂತ ಸಂಶೋಧನೆಗೆ ಆಮೇಲೆ ಬಿಡುವೆಲ್ಲಿ? ನಿವೃತ್ತಿ ವಯಸ್ಸಿಗೂ ಮುನ್ನ ಅವರು ನೌಕಾಪಡೆ ತೊರೆದರು. ಇದು ನಷ್ಟವೇ, ಆದರೆ ಬರೀ ನಷ್ಟವಲ್ಲ. ಅಪ್ಸೋ ನಂತರದ ‘ಹಮ್ಸಾ’ ಸೋನಾರ್‌ಗಳೂ ಕೊಚ್ಚಿಯಲ್ಲಿ ವಿನ್ಯಾಸಗೊಂಡು ಬಿಇಎಲ್‌ನಲ್ಲಿ ತಯಾರಾದವು, ಕೇರ್ ಇಂದಿಗೂ ನಡೆಯುತ್ತಿದೆ. ವ್ಯಕ್ತಿ ಹೋದರೂ ಕಸುಬು ಇಲ್ಲೇ ಉಳಿಯಿತು. ನಿಮ್ಮ ಊರಿನ ವೇದಿಕೆಗೆ ಯಾವತ್ತಾದರೂ ಅವರನ್ನು ಕರೆದರೆ, ಪರಿಚಯ ಭಾಷಣದಲ್ಲಿ ಸ್ಟ್ಯಾನ್‌ಫರ್ಡಿಗೂ ಮೊದಲು ಕೊಚ್ಚಿ, ಬೆಂಗಳೂರುಗಳ ಹೆಸರು ಹೇಳಿ.