ಸಲಹೆಗಾರನೂ ತಾನೇ, ದಿವಾನನೂ ತಾನೇ

1805ರ ಕೌಲಿನಲ್ಲಿ ತಿರುವಾಂಕೂರಿನ ಬಾಲರಾಮವರ್ಮ ಮಹಾರಾಜನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ತೆರಲು ಒಪ್ಪಿದನು. ಹಣಕ್ಕಿಂತ ಭಾರವಾಗಿದ್ದದ್ದು ಇನ್ನೊಂದು ಕಲಮು: ಕಂಪನಿಯ ಸಲಹೆಗೆ ರಾಜನು ಸದಾ ಕಿವಿಗೊಡಬೇಕು. ಆ ಸಲಹೆಯನ್ನು ಹೊತ್ತು ತರುವವನೇ ರೆಸಿಡೆಂಟ್. ಇಂದು ಜಮೈಕದಂಥ ಸ್ವತಂತ್ರ ದ್ವೀಪರಾಷ್ಟ್ರದಲ್ಲಿ ಬ್ರಿಟಿಷ್ ದೊರೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಅಲ್ಲಿನ ಪ್ರಧಾನಿಯ ಸಲಹೆಯಂತೆ ನಡೆಯುತ್ತಾನೆ. ಅಂದು ಮಲೆಯಾಳದಲ್ಲಿ ಪ್ರತಿನಿಧಿ ನುಡಿಯುತ್ತಿದ್ದನು, ರಾಜನು ನಡೆಯುತ್ತಿದ್ದನು.

ಇಂದು ಕೊಚ್ಚಿಯ ವೈಟ್ಟಿಲದಲ್ಲಿ ತಿರುವನಂತಪುರದ ಬಸ್ಸು ಹತ್ತುವವರು ಒಂದೇ ರಾಜ್ಯದೊಳಗೆ ಸಾಗುತ್ತಾರೆ. ಆಗ ಅದು ಕೊಚ್ಚಿ, ತಿರುವಾಂಕೂರು ಎಂಬ ಎರಡು ಸಂಸ್ಥಾನಗಳ ಹಾದಿ. ಎರಡಕ್ಕೂ ಒಬ್ಬನೇ ರೆಸಿಡೆಂಟ್, ಕರ್ನಲ್ ಕಾಲಿನ್ ಮೆಕಾಲೆ. ನಮ್ಮ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು ಬಂದವನು ಈತ. ತಿರುವಾಂಕೂರಿನ ದಳವಾಯಿ ವೇಲು ತಂಬಿಗೂ ಅವನಿಗೂ ಮೊದಮೊದಲು ಸ್ನೇಹವೇ ಇತ್ತು. ಪೊಗದಿಯ ಬಾಕಿ ಬೆಳೆದಂತೆ ಸಲಹೆ ತಗಾದೆಯಾಯಿತು, ತಗಾದೆ ಬೆದರಿಕೆಯಾಯಿತು. 1808ರ ಡಿಸೆಂಬರಿನಲ್ಲಿ ವೇಲು ತಂಬಿಯ ಆಳುಗಳೂ ಕೊಚ್ಚಿಯ ಮಂತ್ರಿ ಪಾಲಿಯತ್ತಚ್ಚನ ಆಳುಗಳೂ ಇರುಳಲ್ಲಿ ರೆಸಿಡೆಂಟನ ಮನೆಗೆ ನುಗ್ಗಿದರು. ಮೆಕಾಲೆ ಅಡಗಿ, ಹಡಗು ಸೇರಿ ಬದುಕಿಕೊಂಡನು. 1809ರ ಜನವರಿ 11ರಂದು ಕುಂಡರದಲ್ಲಿ ವೇಲು ತಂಬಿ ಜನರನ್ನು ಹೋರಾಟಕ್ಕೆ ಕರೆದು ಘೋಷಣೆ ಹೊರಡಿಸಿದನು. ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಿತು. ಮಣ್ಣಡಿಯ ಗುಡಿಯಲ್ಲಿ ಅವನು ಪ್ರಾಣ ಬಿಟ್ಟ ಮೇಲೆ ಶವವನ್ನು ತಿರುವನಂತಪುರದ ಕಣ್ಣಮ್ಮೂಲದಲ್ಲಿ ತೂಗುಹಾಕಿದರು; ಗೆದ್ದವರಿಗೆ ಇದರ ಅಗತ್ಯವೇನಿತ್ತೋ! ಪಾಲಿಯತ್ತಚ್ಚನನ್ನು ಮದರಾಸಿಗೆ ಗಡೀಪಾರು ಮಾಡಿದರು.

ಮೆಕಾಲೆಯ ನಂತರ 1810ರಲ್ಲಿ ಬಂದವನು ಕರ್ನಲ್ ಜಾನ್ ಮನ್ರೋ. ಅದೇ ವರ್ಷ ತಿರುವಾಂಕೂರಿನ ಪಟ್ಟಕ್ಕೆ ಬಂದ ರಾಣಿ ಗೌರಿ ಲಕ್ಷ್ಮೀಬಾಯಿಗೆ ಇನ್ನೂ ಇಪ್ಪತ್ತರ ಆಸುಪಾಸು. ದಿವಾನ ಉಮ್ಮಿಣಿ ತಂಬಿಯನ್ನು ತೆಗೆದು, 1811ರಲ್ಲಿ ಆಕೆ ಆ ಅಧಿಕಾರವನ್ನೂ ಮನ್ರೋನಿಗೇ ಒಪ್ಪಿಸಿದಳು. ಮರುವರ್ಷ ಕೊಚ್ಚಿಯ ದಿವಾನಗಿರಿಯೂ ಅವನ ಕೈಸೇರಿತು. ರೆಸಿಡೆಂಟನಾಗಿ ಬೆಳಗ್ಗೆ ಬರೆದ ಸಲಹೆಯನ್ನು ದಿವಾನನಾಗಿ ಮಧ್ಯಾಹ್ನ ತಾನೇ ಜಾರಿಗೆ ತರಬಹುದಾದ ವಿಚಿತ್ರ ಸ್ಥಿತಿ. ಮೈಸೂರಿನಲ್ಲಿ ರೆಸಿಡೆಂಟನ ಎದುರಿಗೆ ದಿವಾನ ಪೂರ್ಣಯ್ಯನಾದರೂ ಇದ್ದನು. ಇಲ್ಲಿ ನಡುವೆ ನಿಲ್ಲುವವರೇ ಇರಲಿಲ್ಲ.

ಆದರೂ ಮನ್ರೋನನ್ನು ಬರಿಯ ದಬ್ಬಾಳಿಕೆಯವನೆಂದು ತಳ್ಳಿಹಾಕಲಾಗದು. ನ್ಯಾಯಾಲಯಗಳು ಕ್ರಮಕ್ಕೆ ಬಂದವು. 1812ರಲ್ಲಿ ರಾಣಿ ಗುಲಾಮರ ಕ್ರಯವಿಕ್ರಯವನ್ನು ನಿಷೇಧಿಸಿದಳು, ಹೊಲಗದ್ದೆಗೆ ಕಟ್ಟಿಬಿದ್ದವರ ಪಾಡು ಮಾತ್ರ ಹಾಗೆಯೇ ಉಳಿಯಿತು. ದೇವಸ್ಥಾನಗಳ ಭೂಮಿ ಸರ್ಕಾರದ ವಶಕ್ಕೆ ಹೋಯಿತು.

1814ರಲ್ಲಿ ಮನ್ರೋ ತಿರುವಾಂಕೂರಿನ ದಿವಾನಗಿರಿಯನ್ನು ಬಿಟ್ಟನು. ರೆಸಿಡೆಂಟ್ ಪದವಿ 1819ರವರೆಗೂ ಅವನಲ್ಲೇ ಇತ್ತು.