ಪಚ್ಚೆ ಕಾಂಡಕೊರಕ

ಆ್ಯಶ್ ಮರವನ್ನು ಕೊಲ್ಲುವ, ಪೂರ್ವ ಏಷ್ಯಾ ಮೂಲದ, ಲೋಹಕಾಂತಿಯ ಹಸಿರು ದುಂಬಿ; ಶಾಸ್ತ್ರೀಯನಾಮ ಅಗ್ರಿಲಸ್ ಪ್ಲಾನಿಪೆನ್ನಿಸ್. ಇದಕ್ಕೆ ಆಶ್ರಯವಾದ ಆ್ಯಶ್ ವೃಕ್ಷವು ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದುದು. ಪ್ರೌಢಕೀಟವು ಎಲೆಯಂಚನ್ನು ಮೆದ್ದು ತೃಪ್ತವಾಗುವುದು, ಹಾನಿಯೆಲ್ಲವೂ ಮರಿಹುಳುವಿನದು. ಅದು ತೊಗಟೆಯಡಿಯಲ್ಲಿ ಸರ್ಪಗತಿಯ ಸುರಂಗಗಳನ್ನು ಕೊರೆಯುವುದರಿಂದ, ಎಲೆಗಳಲ್ಲಿ ಸಿದ್ಧವಾದ ಆಹಾರವು ಬೇರಿಗಿಳಿಯಲಾರದೆ ಮರವು ನೆತ್ತಿಯಿಂದ ಒಣಗುತ್ತ ಬರುವುದು.

ಫ್ರೆಂಚ್ ಕೀಟಶಾಸ್ತ್ರಜ್ಞ ಲಿಯೋನ್ ಫೇರ್ಮೇರ್ 1888ರಲ್ಲಿಯೇ ಇದನ್ನು ವರ್ಣಿಸಿದ್ದರೂ, 1930ರಲ್ಲಿ ಮತ್ತೊಬ್ಬ ಕೀಟಶಾಸ್ತ್ರಜ್ಞ ಓಬೆನ್‌ಬರ್ಗರ್ ಇದಕ್ಕೇ ಅಗ್ರಿಲಸ್ ಮಾರ್ಕೊಪೋಲಿ ಎಂಬ ಬೇರೊಂದು ಹೆಸರನ್ನಿಟ್ಟುದರಿಂದ, ಒಂದೇ ಕೀಟದ ವೃತ್ತಾಂತವು ಬಹುಕಾಲ ಎರಡು ಹೆಸರುಗಳಲ್ಲಿ ಹಂಚಿಹೋಯಿತು.

ಅಮೆರಿಕಕ್ಕೆ ಇದು ಕಾಲಿಟ್ಟ ಕಾಲದ ವಿಷಯದಲ್ಲಿ ಗೊಂದಲವು ಹೆಚ್ಚು. 2002ರ ಬೇಸಗೆಯಲ್ಲಿ ಮಿಷಿಗನ್ನಿನ ಡೆಟ್ರಾಯಿಟ್ ಸಮೀಪದಲ್ಲಿ ಇದರ ಗುರುತು ಹಿಡಿದುದರಿಂದ ಆ ವರ್ಷವನ್ನೇ ಆಗಮನಕಾಲವೆಂದು ಬರೆಯುವ ರೂಢಿಯುಂಟು, ಇದು ಸರಿಯಲ್ಲ. ಅದಕ್ಕೆ ಮೊದಲೇ ಸಾಯತೊಡಗಿದ್ದ ಮರಗಳ ದುರ್ಗತಿಯನ್ನು ಆ್ಯಶ್ ಹಳದಿರೋಗದ ಲೆಕ್ಕಕ್ಕೆ ಬರೆಯಲಾಗಿತ್ತು. ಮುಂದೆ ಸತ್ತ ಮರಗಳ ವಾರ್ಷಿಕ ಬಳೆಗಳನ್ನು ಎಣಿಸಿ, ಒಂದಕ್ಕೊಂದು ತಾಳೆನೋಡಿದಾಗ, ಮಿಷಿಗನ್ನಿನದೇ ಆದ ಕ್ಯಾಂಟನ್ ಪಟ್ಟಣದ ಸುತ್ತಣ ಮರಗಳು 1997ರ ವೇಳೆಗಾಗಲೇ ಈ ಕೀಟಕ್ಕೆ ಬಲಿಯಾಗಿದ್ದವೆಂದೂ, ಅದು 1990ರ ದಶಕದ ಪೂರ್ವಾರ್ಧದಲ್ಲಿಯೇ ನೆಲೆಯೂರಿತ್ತೆಂದೂ ತಿಳಿದುಬಂದಿತು. ಸರಕಿನ ಮರದ ಪೆಟ್ಟಿಗೆಗಳೊಡನೆ ಬಂದಿರಬೇಕೆಂಬುದು ಊಹೆ ಮಾತ್ರ. ಅಣಬೆರೋಗಕ್ಕೆ ತುತ್ತಾದ ಎಲ್ಮ್ ಮರಗಳ ಸ್ಥಾನದಲ್ಲಿ ನಗರಬೀದಿಗಳ ಉದ್ದಕ್ಕೂ ಆ್ಯಶ್ ಸಸಿಗಳನ್ನೇ ನೆಟ್ಟಿದ್ದುದು, ಬಂದ ಅತಿಥಿಗೆ ಎಲೆ ಹಾಕಿಟ್ಟಂತಾಗಿತ್ತು.

ಪ್ರತೀಕಾರದ ಪ್ರಥಮ ಪ್ರಯತ್ನಗಳು ಫಲಿಸಲಿಲ್ಲ. ಕೆನಡದ ಆಂಟೇರಿಯೊದಲ್ಲಿ ಸುಮಾರು 10 ಕಿಲೋಮೀಟರ್ ಅಗಲದ ಪಟ್ಟಿಯೊಂದರ ಆ್ಯಶ್ ಮರಗಳನ್ನೆಲ್ಲ ಕಡಿದರೂ ಕೀಟವು ಅದನ್ನು ದಾಟಿಯೇ ಹೋಯಿತು. ಸೌದೆಯೊಡನೆ ಮೋಟಾರಿನಲ್ಲಿ ಸಾಗುವುದನ್ನು ಬಯಲುಪಟ್ಟಿ ತಡೆಯುವುದೆಂತು? 2007ರಿಂದ ಚೀನಾ ಮೂಲದ ಪರೋಪಜೀವಿ ಕಣಜಗಳನ್ನು ಬಿಡಲಾಯಿತು. ಬೆಲೆಯುಳ್ಳ ಬೀದಿಮರಗಳ ಕಾಂಡಕ್ಕೆ ಕೀಟನಾಶಕವನ್ನು ಚುಚ್ಚುವುದು ಬಳಕೆಗೆ ಬಂದಿತು. 2021ರಲ್ಲಿ ಅಮೆರಿಕದ ಕೇಂದ್ರಸರ್ಕಾರವು ಆ್ಯಶ್ ಮರದ ಸಾಗಣೆಯ ಮೇಲಿದ್ದ ನಿರ್ಬಂಧವನ್ನೇ ಕೈಬಿಟ್ಟಿತು. ಮರುವರ್ಷ ಪಶ್ಚಿಮತೀರದ ಆರೆಗಾನಿನಲ್ಲಿಯೂ ಕೀಟವು ಕಾಣಿಸಿತು. ರಷ್ಯದ ಮಾಸ್ಕೋ ನಗರವು ಇದರ ಇನ್ನೊಂದು ಪ್ರಸಾರಕೇಂದ್ರ.

ನಷ್ಟದ ಲೆಕ್ಕವನ್ನು ಬೀದಿಯ ನೆರಳಿನಿಂದಲೇ ಅಳೆಯುವ ಗ್ರಂಥಗಳು ಕಪ್ಪು ಆ್ಯಶನ್ನು ಮರೆಯುತ್ತವೆ. ಈ ಮರದ ದಿಮ್ಮಿಯನ್ನು ಬಡಿದು, ವರ್ಷದ ಬಳೆಗಳನ್ನು ಪದರುಪದರಾಗಿ ಬಿಡಿಸಿ ಬುಟ್ಟಿ ಹೆಣೆಯುವುದು ಮೊಹಾಕ್, ಅನಿಶಿನಾಬೆ ಮೊದಲಾದ ಮೂಲನಿವಾಸಿಗಳ ಪರಂಪರಾಗತ ವಿದ್ಯೆ. ದಿಮ್ಮಿಗಳನ್ನು ನೀರಿನಲ್ಲಿ ಮುಳುಗಿಸಿಡುವುದು ಅವರ ಹಳೆಯ ಪದ್ಧತಿ. ಹಾಗೆ ವಾರಗಟ್ಟಲೆ ಇಟ್ಟರೆ ಒಳಗಿನ ಹುಳು ಸಾಯುವುದೆಂದೂ, ಪದರು ಹೆಣಿಗೆಗೆ ಒದಗುವಂತೆಯೇ ಉಳಿಯುವುದೆಂದೂ ಪ್ರಯೋಗಗಳು ತೋರಿಸಿವೆ.